ಒಳಗಿನ ತಿರುಪು

ಬಂಡುಂಗ್‌ನಲ್ಲಿ ಹಾಡುವ ಡಬ್ಬಿ ಸುರಬಾಯಾಕ್ಕೆ ಹೋದರೆ ಬಾಯಿ ಬಿಡುತ್ತಿರಲಿಲ್ಲ. ಜಗಳ ಶುರುವಾದದ್ದು ಹಾಗೆ.

"ಸತ್ತುಹೋಗಿದೆ," ಅಂದ ಸೆನೊ, ಬಾಗಿಲಲ್ಲೇ ನಿಂತು. ಬೆನ್ನ ಮೇಲೆ ಗಿಟಾರ್. ಕೈಯಲ್ಲಿ ಟವೆಲ್ ಸುತ್ತಿದ ಪುಟ್ಟ ಅಲ್ಯೂಮಿನಿಯಂ ಡಬ್ಬಿ. ಗಿಟಾರಿಸ್ಟರು ಕಾಲಲ್ಲಿ ತುಳಿದು ದನಿ ಬದಲಿಸುವ ಪೆಡಲ್ ಅದು. ನೆಂಡೆನ್ ಅದನ್ನು ತನ್ನ ಕೈಯಾರೆ ಮಾಡಿ, ಹವ್ಯಾಸಿಗಳ ಗುಂಪಿನ ಮೂಲಕ ಅವನಿಗೆ ಪಾರ್ಸೆಲ್ ಕಳಿಸಿದ್ದಳು. ಅವನನ್ನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು.

ಅವಳು ಡಬ್ಬಿಗೆ ಕೇಬಲ್ ಚುಚ್ಚಿದಳು. ಅವನ ಗಿಟಾರನ್ನೇ ಇಸಿದುಕೊಂಡು ಒಂದು ತಂತಿ ಮೀಟಿದಳು. ದಪ್ಪ ಬಟ್ಟೆಯನ್ನು ಯಾರೋ ನಿಧಾನವಾಗಿ, ಪ್ರೀತಿಯಿಂದ ಹರಿಯುತ್ತಿರುವಂಥ ದನಿ ಕೋಣೆಯನ್ನು ತುಂಬಿತು.

"ಇದನ್ನೇನಾ ಸತ್ತಿದೆ ಅಂದಿದ್ದು?"

"ಅಲ್ಲಿ ಸತ್ತಿತ್ತು."

"ದಾರೀಲಿ ಜೀವ ಬಂತಾ?"

"ಸುಳ್ಳು ಹೇಳೋದಕ್ಕೆ ರಾತ್ರಿಯೆಲ್ಲ ರೈಲಲ್ಲಿ ಕೂತ್ಕೊಂಡು ಬಂದಿದೀನಾ, ತೆಹ್?"

"ಯಾರಿಗ್ಗೊತ್ತು ಮಸ್. ಸುರಬಾಯಾದವರು ಏನೇನಕ್ಕೋ ಬರ್ತಾರೆ."

ಅವನು ಅವಳನ್ನು ತೆಹ್ ಅನ್ನುತ್ತಿದ್ದ, ಅವಳು ಅವನನ್ನು ಮಸ್ ಅನ್ನುತ್ತಿದ್ದಳು. ಅಕ್ಕ, ಅಣ್ಣ ಅನ್ನುವಷ್ಟು ದೂರ. ಬೀದಿಯಲ್ಲಿ ಯಾರನ್ನಾದರೂ ಹಾಗೆ ಕರೆಯಬಹುದು.

ಪಕ್ಕದ ಅಂಗಡಿಯಿಂದ ಬಿಬಿ ಎನೊಕ್ ಕೂಗಿದಳು. ನೆಂಡೆನ್‌ಳ ಚಿಕ್ಕಮ್ಮ. "ಮೊದಲು ಆ ಹುಡುಗನಿಗೆ ಕೂರೋಕೆ ಹೇಳೇ! ನಡುಗ್ತಿದಾನೆ!"

ಬಂಡುಂಗ್‌ನ ಬೆಟ್ಟದ ಚಳಿಗೆ ನಿಜಕ್ಕೂ ನಡುಗುತ್ತಿದ್ದ. ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡಿದ್ದ. ನೆಂಡೆನ್ ತನ್ನ ತೆಳು ಟೀ ಶರ್ಟನ್ನು ನೋಡಿಕೊಂಡಳು. ಅವನ ಜಾಕೆಟ್ಟನ್ನು ನೋಡಿದಳು. ಮತ್ತೆ ಡಬ್ಬಿಯನ್ನು ನೋಡಿದಳು.

"ಸುರಬಾಯಾದಲ್ಲೂ ಇದನ್ನ ಹಾಕ್ಕೋತೀರಾ?"

"ಹುಚ್ಚಾ? ಅಲ್ಲಿ ಬನಿಯನ್ನೂ ಭಾರ."

ಅವಳು ಎದ್ದು ಒಳಗೆ ಹೋಗಿ ಕೂದಲು ಒಣಗಿಸುವ ಡ್ರೈಯರ್ ತಂದಳು. ಡಬ್ಬಿಯ ಹಿಂಬದಿಯ ಮುಚ್ಚಳ ಬಿಚ್ಚಿ, ಒಳಗೆ ಟೋಪಿ ಹಾಕಿಕೊಂಡ ಪುಟ್ಟ ಮನುಷ್ಯರಂತೆ ನಿಂತಿದ್ದ ಎರಡು ಲೋಹದ ಬಿಲ್ಲೆಗಳ ಮೇಲೆ ಬಿಸಿಗಾಳಿ ಬಿಟ್ಟಳು. "ತಂತಿ ಮೀಟ್ತಾ ಇರಿ."

ಅವನು ಮೀಟಿದ. ದನಿ ಮೊದಲು ತೆಳುವಾಯಿತು. ಆಮೇಲೆ ಉಗುಳತೊಡಗಿತು. ಆಮೇಲೆ ನಿಂತೇ ಹೋಯಿತು.

"ಅಯ್ಯೋ," ಅಂದ ಸೆನೊ. "ಇದೇ. ಅಲ್ಲೂ ಹೀಗೇ ಸತ್ತಿದ್ದು."

"ಇವು ಜರ್ಮೇನಿಯಂ ಟ್ರಾನ್ಸಿಸ್ಟರ್. ಹಳೇ ಕಾಲದವು. ಸೆಖೆ ಆದ್ರೆ ಮುನಿಸ್ಕೋತವೆ."

"ಅಷ್ಟು ನಾಜೂಕಾದ್ದನ್ನ ಯಾಕೆ ಹಾಕಿದ್ರಿ?"

"ಹೊಸದಕ್ಕೆ ಸೆಖೆ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ. ಅದರಲ್ಲಿ ನುಡಿಸಿದ್ರೆ ನುಡಿಸಿದ ಹಾಗೇ ಇರಲ್ಲ." ಅವಳು ಗಿಟಾರ್ ತೆಗೆದುಕೊಂಡಳು. ಬಿಲ್ಲೆಗಳು ಆರುವವರೆಗೆ ಕಾದಳು. "ಈಗ ಮುಟ್ಟಿ. ಟೋಪಿ ಮೇಲೆ ಬೆರಳಿಡಿ, ಸಾಕು."

ಅವನು ತೋರುಬೆರಳಿನ ತುದಿ ಇಟ್ಟ. ಅವಳು ಮೀಟಿದಳು. ಅವನ ಬೆರಳ ಬಿಸಿಗೆ ದನಿ ಒಂದು ಕ್ಷಣ ತಡೆದುಕೊಂಡು, ಆಮೇಲೆ ಮೆಲ್ಲಗೆ ಬಾಗಿತು. ಸೆನೊ ಬೆರಳು ತೆಗೆಯಲಿಲ್ಲ. ಅವಳೂ ತೆಗೆಯಿರಿ ಅನ್ನಲಿಲ್ಲ. ತನ್ನ ಮೈಯ ಬಿಸಿಯನ್ನು ಹೀಗೆ ಕಿವಿಯಿಂದ ಕೇಳಿದ್ದು ಅವನಿಗೆ ಮೊದಲ ಸಲವಿರಬೇಕು. ಅವಳಿಗಂತೂ ಬೇರೊಬ್ಬರ ಬಿಸಿಯನ್ನು ಕೇಳಿದ್ದು ಅದೇ ಮೊದಲು.

ಒಳಗೆ ಒಂದು ಪುಟ್ಟ ತಿರುಪು ಇತ್ತು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಸ್ಕ್ರೂಡ್ರೈವರ್‌ನಿಂದ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಡಬ್ಬಿ ಹೊಸ ಹವೆಗೆ ಹೊಂದಿಕೊಳ್ಳುತ್ತಿತ್ತು. ನೆಂಡೆನ್ ಬಿಸಿಗಾಳಿ ಹಿಡಿದು, ಸುರಬಾಯಾದ ಸೆಖೆಯನ್ನು ಅಂದಾಜು ಮಾಡಿ, ತಿರುಪನ್ನು ಕೂರಿಸಿ ಕೊಟ್ಟಳು.

ಆದರೆ ಸುರಬಾಯಾದ ಸೆಖೆಯೂ ಒಂದೇ ಥರ ಇರುವುದಿಲ್ಲ. ಮಳೆಗಾಲ ಬಂದಾಗ ಸೆನೊ ಮತ್ತೆ ಬಂದ. ಮಳೆ ಹೋದಾಗ ಮತ್ತೆ. ಬಿಬಿಗೆ ಅಂತ ಪದರ ಪದರದ ಲಪಿಸ್ ಕೇಕ್ ತರುತ್ತಿದ್ದ. "ಮತ್ತೆ ಕೆಟ್ಟಿತಾ? ಒಳ್ಳೇದಾಯ್ತು!" ಅನ್ನುತ್ತ ಬಿಬಿ ಕೇಕಿನ ಡಬ್ಬ ಕಸಿದುಕೊಳ್ಳುತ್ತಿದ್ದಳು.

ನೆಂಡೆನ್ ಮುಚ್ಚಳ ಬಿಚ್ಚುವಾಗ ಅವನು ಎದುರಿನ ಸ್ಟೂಲಿನಲ್ಲಿ ಕೂತು ಅವಳ ಕೈಯನ್ನು ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ತಿರುಪಿನ ಕೆಲಸ ಎರಡು ನಿಮಿಷದ್ದು. ಅವಳು ಮಧ್ಯಾಹ್ನದವರೆಗೆ ಎಳೆಯುತ್ತಿದ್ದಳು. ಒಮ್ಮೆ ತಲೆಯೆತ್ತಿದಾಗ ಅವನು ಕೈಯನ್ನಲ್ಲ, ಹುಬ್ಬಿಗೆ ಅಂಟಿದ ಅವಳ ಕೂದಲನ್ನು ನೋಡುತ್ತಿದ್ದ.

"ಏನು?"

"ಏನಿಲ್ಲ. ಕೂದಲು ಸುಟ್ಟೀತು ಅಂತ."

"ಸಾಲ್ಡರಿಂಗ್ ಐರನ್ ಆಫ್ ಆಗಿದೆ ಮಸ್."

"ಹೌದಾ," ಅಂದ. ಕಿವಿ ಕೆಂಪಾಯಿತು.

ಕೆಲವು ಸಲ ಅವನ ಫೋನಿನಲ್ಲಿ ಹಂದೊಕೊ ಕೂಗುತ್ತಿದ್ದ. ಅವರ ಬ್ಯಾಂಡಿನ ಬೇಸ್ ವಾದಕ, ಸೆನೊ ಜೊತೆ ಒಂದೇ ಗಲ್ಲಿಯಲ್ಲಿ ಬೆಳೆದವನು. "ತೆಹ್! ಅವನನ್ನ ಬೇಗ ವಾಪಸ್ ಕಳಿಸಿ! ರಿಹರ್ಸಲ್ ಇದೆ. ಪೆಡಲ್ ಅಲ್ಲೇ ಇಟ್ಕೊಂಡ್ರೂ ಪರವಾಗಿಲ್ಲ!"

"ಪೆಡಲ್ ಬೇಡ, ಇವರನ್ನೇ ಇಟ್ಕೋತೀನಿ," ಅಂದುಬಿಟ್ಟಿದ್ದಳು ನೆಂಡೆನ್ ಒಮ್ಮೆ. ಅಂದಮೇಲೆ ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ್ದಳು.

ಆ ದಿನವೇ ಸೆನೊ ಕೇಳಿದ್ದ, "ಈ ತಿರುಪನ್ನ ಹೊರಗೆ ತಂದುಬಿಡಬಹುದಲ್ವಾ? ಒಂದು ನಾಬ್ ಹಾಕಿ. ಸೆಖೆ ಆದಾಗ ನಾನೇ ತಿರುಗಿಸ್ಕೋತೀನಿ."

ನೆಂಡೆನ್ ಮುಚ್ಚಳ ಮುಚ್ಚಿದಳು. ತುಸು ಬೇಗನೇ.

"ಜಾಗ ಇಲ್ಲ ಮಸ್. ಡಬ್ಬಿ ಚಿಕ್ಕದು."

ಅವನು ನಂಬಿದ.

*

ಕೊನೆಯ ಸಲ ಅವನು ಕೇಕ್ ಇಲ್ಲದೆ ಬಂದ. ಬಿಬಿ ಅವನ ಮುಖ ನೋಡಿದಳು. ಶುಂಠಿ ಕಷಾಯದ ಲೋಟ ತಂದಿಟ್ಟು ಹೋದಳು.

ಹಂದೊಕೊ ಜ್ವರದಲ್ಲಿ ತೀರಿಕೊಂಡಿದ್ದ. ಸುದ್ದಿ ನೆಂಡೆನ್‌ಗೆ ಗೊತ್ತಿತ್ತು. ಫೋನಿನಲ್ಲಿ ಏನು ಹೇಳಬೇಕೆಂದು ತಿಳಿಯದೆ, ಎಲ್ಲರೂ ಹೇಳುವ ಮಾತನ್ನೇ ಹೇಳಿದ್ದಳು.

"ನೂರನೇ ದಿನದ ಪ್ರಾರ್ಥನೆ ಆಯ್ತು," ಅಂದ ಸೆನೊ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಅವನ ತಾಯಿ ಹೇಳಿದ್ರು, ನನ್ನ ಮಗ ಕಟ್ಟಿದ ಹಾಡು ನುಡಿಸಪ್ಪ ಅಂತ. ಅಂಗಳದಲ್ಲಿ ಟಾರ್ಪಾಲಿನ್ ಕಟ್ಟಿದ್ರು. ಕೆಳಗೆ ಒಲೆಯೊಳಗೆ ಕೂತ ಹಾಗೆ ಸೆಖೆ."

ನೆಂಡೆನ್ ಮುಂದಿನದನ್ನು ಊಹಿಸಿದಳು. ಊಹೆ ತಪ್ಪಾಗಲಿ ಅಂತ ಕಾದಳು.

"ಅರ್ಧಕ್ಕೆ ಉಗುಳೋಕೆ ಶುರುವಾಯ್ತು. ಆಮೇಲೆ ಸತ್ತುಹೋಯ್ತು. ಪೆಡಲ್ ಕಿತ್ತು ಬರೀ ಗಿಟಾರಲ್ಲಿ ನುಡಿಸಬಹುದಿತ್ತು. ಕೈ ಬರಲಿಲ್ಲ. ಬಗ್ಗಿ ಡಬ್ಬಿಯನ್ನೇ ನೋಡ್ತಿದ್ದೆ. ಎಲ್ಲರೂ ನಾನು ಅಳ್ತಿದೀನಿ ಅಂದ್ಕೊಂಡ್ರು." ಅವನು ನಗಲು ನೋಡಿದ. "ಒಂಚೂರು ತಿರುಗಿಸೋಕೆ ಕೈಗೆ ಏನಾದ್ರೂ ಸಿಕ್ಕಿದ್ದಿದ್ರೆ, ಸಾಕಿತ್ತು."

ರಸ್ತೆಯಲ್ಲಿ ಯಾರದೋ ಮೋಟರ್‌ಬೈಕ್ ಏರು ಹತ್ತಲಾರದೆ ಒದ್ದಾಡಿ, ಹತ್ತಿ, ಹೋಯಿತು.

"ಬ್ಯಾಂಡ್ ಮುಗೀತು ತೆಹ್. ದೂರದ ತೆರ್ನಾತೆ ದ್ವೀಪದ ಒಂದು ಸ್ಕೂಲಲ್ಲಿ ಸಂಗೀತದ ಮೇಷ್ಟ್ರ ಕೆಲಸ ಸಿಕ್ಕಿದೆ. ಹಡಗಲ್ಲಿ ಹೋಗ್ಬೇಕು. ಇನ್ನು ಹೀಗೆ ಬರೋಕಾಗಲ್ಲ." ಟವೆಲ್ ಸುತ್ತಿದ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಅಲ್ಲಿಯ ಸೆಖೆಗೆ ಅಂದಾಜಲ್ಲಿ ಕೂರಿಸಿ ಕೊಡಿ. ಆಮೇಲೆ ಅದು ಹೇಗಿರುತ್ತೋ ಹಾಗೆ ಇರಲಿ."

ಅವಳು ಮುಚ್ಚಳ ಬಿಚ್ಚಿದಳು.

ಎರಡು ಲೋಹದ ಟೋಪಿಗಳು. ಅವುಗಳ ನಡುವೆ ಆ ತಿರುಪು. ಬಲಬದಿಯ ಮೂಲೆಯಲ್ಲಿ ಏನೂ ಇಲ್ಲ. ಹೆಬ್ಬೆರಳು ಹಿಡಿಯುವಷ್ಟು ಬರೀ ಖಾಲಿ. ಅವನು ನಾಬ್ ಕೇಳಿದ ದಿನದಿಂದ, ಮುಚ್ಚಳ ಬಿಚ್ಚಿದಾಗಲೆಲ್ಲ ಅವಳು ಡಬ್ಬಿಯನ್ನು ತನ್ನ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದಳು. ಇವತ್ತೂ ಹಾಗೇ ಇಟ್ಟುಕೊಂಡಿದ್ದಳು.

ಅಂದಾಜಲ್ಲಿ ಕೂರಿಸಿ ಕೊಡಬಹುದು. ಅವನು ಹೋಗುತ್ತಾನೆ. ತೆರ್ನಾತೆಯಲ್ಲಿ ಯಾರೂ ಇದನ್ನು ಬಿಚ್ಚುವುದಿಲ್ಲ. ಅಲ್ಲಿ ಇದು ಕೆಟ್ಟಾಗಲೆಲ್ಲ ಅವನು ತನ್ನನ್ನು ನೆನೆಯುತ್ತಾನೆ, ಒಳ್ಳೆಯವಳು ಅಂತ, ಕೈಲಾದದ್ದು ಮಾಡಿದಳು ಅಂತ. ಹಾಗೆ ನೆನಪಾಗುವುದು ಸುಲಭ. ಆದರೆ ಅವನು ನೆನೆಯುವ ಹೆಂಗಸು ತಾನಾಗಿರುವುದಿಲ್ಲ.

ಅವಳು ಡಬ್ಬಿಯನ್ನು ಅವನ ಕಡೆಗೆ ತಿರುಗಿಸಿದಳು.

"ಜಾಗ ಇದೆ ಮಸ್."

"ಯಾವ ಜಾಗ?"

"ನಾಬ್‌ಗೆ. ಇಲ್ಲಿ." ಬೆರಳಿಟ್ಟು ತೋರಿಸಿದಳು. "ಮೊದಲಿಂದಲೂ ಇತ್ತು."

ಅವನು ಖಾಲಿ ಮೂಲೆಯನ್ನು ನೋಡಿದ. ಅಲ್ಲಿಗೆ ತನ್ನ ಹೆಬ್ಬೆರಳು ಇಟ್ಟು ನೋಡಿದ.

"ಮತ್ತೆ ಇಲ್ಲ ಅಂದ್ರಲ್ಲ."

"ಅಂದೆ."

"ಯಾಕೆ?"

ಉತ್ತರವನ್ನು ಎಷ್ಟೋ ಥರ ಸಿಂಗರಿಸಬಹುದಿತ್ತು. ಅವಳಿಗೆ ಸಿಕ್ಕಿದ್ದು ಬೋಳು ಮಾತೇ. "ತಿರುಪು ಹೊರಗೆ ಬಂದ್ರೆ ನೀವು ಬರಲ್ಲ ಅಂತ."

ಸೆನೊ ಎದ್ದ. ಸ್ಟೂಲನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿ ಹೊರಗೆ ಹೋದ. ಗಿಟಾರ್ ಗೋಡೆಗೆ ಒರಗಿಕೊಂಡು ಅಲ್ಲೇ ಉಳಿಯಿತು.

*

ನೆಂಡೆನ್ ಅವನಿಗಾಗಿ ಕಾಯುತ್ತ ಕೂರಲಿಲ್ಲ. ಕಾಯುವುದು ಕೂಡ ಅವನನ್ನು ಹಿಡಿದಿಟ್ಟುಕೊಳ್ಳುವ ಇನ್ನೊಂದು ಉಪಾಯದಂತೆ ಕಂಡಿತು. ಡಬ್ಬಿಯ ಮೈಮೇಲೆ ಗುರುತು ಹಾಕಿ ಡ್ರಿಲ್ ಹಿಡಿದಳು. ಅಲ್ಯೂಮಿನಿಯಂ ಬೆಳ್ಳಿಯ ಸುರುಳಿಗಳಾಗಿ ಎದ್ದು ಮಡಿಲಿಗೆ ಬಿತ್ತು. ಅವಳ ದಿನದ ಕೆಲಸ ಕಟ್ಟು ಹಲ್ಲು ಮಾಡುವ ಲ್ಯಾಬಿನಲ್ಲಿ. ಅಲ್ಲಿ ಅಪರಿಚಿತರ ನಗೆಗಳನ್ನು ಮೇಣದಲ್ಲಿ ಒಂದೇ ಸಲಕ್ಕೆ ಕೂರಿಸುವವಳು ಇವತ್ತು ಒಂದು ತಂತಿಯನ್ನು ಮೂರು ಸಲ ಬಿಚ್ಚಿ ಬೆಸೆದಳು.

ಹೊರಗೆ ಬಿಬಿಯ ದನಿ: "ಏನಾಯ್ತಪ್ಪಾ?"

"ಏನಿಲ್ಲ ಬಿಬಿ."

"ಏನಿಲ್ಲದ ಮುಖ ಹೀಗಿರಲ್ಲ. ಜಗಳ ಆಡಿದ್ರೆ ಜೋರಾಗಿ ಆಡಿ, ನನಗೂ ಕೇಳಿಸಲಿ."

ಬೀದಿಯಲ್ಲಿ ಚುವಾಂಕಿ ಮಾರುವವನು ಬಟ್ಟಲಿಗೆ ಚಮಚ ಬಡಿಯುತ್ತ ಬಂದ. ಬಡಿತ ಮನೆಯ ಮುಂದೆ ನಿಂತಿತು.

ಸೆನೊ ಎರಡು ಬಟ್ಟಲು ಹಿಡಿದು ಒಳಗೆ ಬಂದ. ಬಿಸಿ ಸಾರಿನಲ್ಲಿ ಮಾಂಸದುಂಡೆ, ತೋಫು. ಒಂದನ್ನು ಅವಳ ಮುಂದಿಟ್ಟ.

"ತಿನ್ನಿ. ಆರಿಹೋಗುತ್ತೆ."

ಇಬ್ಬರೂ ತಿಂದರು. ಅವನು ಬಟ್ಟಲಿನೊಳಗೆ ನೋಡುತ್ತಲೇ ಹೇಳಿದ, "ಮೊದಲೆರಡು ಸಲ ಪೆಡಲ್ ಕೆಟ್ಟಾಗ ಸ್ಟೇಜ್ ಮೇಲೆ ನಾಚಿಕೆ ಆಗ್ತಿತ್ತು. ಅದರ ಹಿಂದೇನೇ ಖುಷಿನೂ ಆಗ್ತಿತ್ತು, ರೈಲ್ ಟಿಕೆಟ್ ಮಾಡಿಸಬಹುದು ಅಂತ. ಹಂದೊಕೊ ಬೈತಿದ್ದ, ಮೂತಿ ಊದಿಸ್ಕೊಂಡು ನಗ್ತೀಯಲ್ಲೋ ಅಂತ."

ನೆಂಡೆನ್ ಚಮಚ ಕೆಳಗಿಟ್ಟಳು.

"ಆದ್ರೆ ಆ ಹಾಡು, ತೆಹ್. ಅವನ ಅಮ್ಮ ಅದನ್ನ ಪೂರ್ತಿ ಕೇಳ್ಲಿಲ್ಲ. ಅದನ್ನ ಕ್ಷಮಿಸೋಕೆ ನನಗೆ ಸ್ವಲ್ಪ ದಿನ ಬೇಕು."

"ಹೂಂ."

"ನಾನು ಬರ್ತಾ ಇರಲಿ ಅಂದ್ಕೊಂಡ್ರಲ್ಲ, ಅದಕ್ಕೆ ದಿನ ಬೇಡ."

ಅವಳು ತಲೆಯೆತ್ತಿದಳು. ಈ ಸಲ ಅವನು ಕೂದಲನ್ನು ನೋಡುತ್ತಿರಲಿಲ್ಲ. ಕಣ್ಣನ್ನೇ ನೋಡುತ್ತಿದ್ದ. ಕೋಪ ಅಲ್ಲೇ ಇತ್ತು, ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. ಒಂದು ಇನ್ನೊಂದನ್ನು ಅಳಿಸದೆ, ಒಂದೇ ಮುಖದಲ್ಲಿ ಎರಡೂ ಕೂತಿದ್ದವು. ಅವಳಿಗೆ ಕಣ್ಣು ತಗ್ಗಿಸಬೇಕೆನಿಸಿತು. ತಗ್ಗಿಸಲಿಲ್ಲ.

"ಡಬ್ಬಿ ಆಯ್ತಾ?" ಅಂದ.

"ಆಯ್ತು."

ಹೊಸ ನಾಬ್ ಡಬ್ಬಿಯ ಬಲಮೂಲೆಯಲ್ಲಿ ಕೂತಿತ್ತು, ಕಪ್ಪಗೆ, ಉಳಿದವಕ್ಕಿಂತ ಸ್ವಲ್ಪ ಚಿಕ್ಕದು. ಅವನು ನುಡಿಸಿದ, ಅವಳು ಡ್ರೈಯರ್ ಹಿಡಿದಳು. ದನಿ ಬಾಗತೊಡಗಿದಾಗ ಅವನು ಕೈಚಾಚಿ ನಾಬ್ ತಿರುಗಿಸಿದ. ದನಿ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದಿತು. ಅವಳು ಇನ್ನಷ್ಟು ಬಿಸಿ ಬಿಟ್ಟಳು. ಅವನು ಇನ್ನಷ್ಟು ತಿರುಗಿಸಿದ. ಅವಳ ಸಹಾಯವಿಲ್ಲದೆ. ಎಷ್ಟು ಸುಲಭವಾಗಿತ್ತು ಅದು. ಅವಳು ಡ್ರೈಯರ್ ಆರಿಸಿದಳು.

"ಇನ್ನು ನಾನು ಬೇಕಾಗಿಲ್ಲ," ಅಂದಳು.

"ಡಬ್ಬಿಗೆ ಬೇಕಾಗಿಲ್ಲ." ಅವನು ಕೇಬಲ್ ಸುತ್ತಿಕೊಳ್ಳುತ್ತಿದ್ದ. "ತೆರ್ನಾತೆಯಲ್ಲಿ ಯಾರಿಗೂ ಹಲ್ಲು ಬೀಳಲ್ಲ ಅಂದ್ಕೊಂಡಿದೀರಾ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯಿಂದ ಕತ್ತಿನವರೆಗೆ ಬೆಚ್ಚಗಾಯಿತು.

"ಹೀಗಾ ಕೇಳೋದು?"

"ಕೋಪದಲ್ಲಿದೀನಿ. ಇಷ್ಟೇ ಬರೋದು."

"ಕೋಪದಲ್ಲಿರೋವ್ರ ಜೊತೆ ನಾನು ಹಡಗು ಹತ್ತಲ್ಲ." ದನಿ ತನ್ನದೇ ಅಂತ ಅವಳಿಗೆ ನಂಬಿಕೆ ಬರಲಿಲ್ಲ, ಅಷ್ಟು ಸಮಾಧಾನವಾಗಿತ್ತು. "ನೀವು ಮೊದಲು ಹೋಗಿ. ಕೋಪ ಮುಗಿದ ದಿನ ಫೋನ್ ಮಾಡಿ, ಬರ್ತೀನಿ."

"ಮುಗೀದಿದ್ರೆ?"

"ಮುಗಿಸೋಕೆ ಬರ್ತೀನಿ."

ಸೆನೊ ಗಿಟಾರನ್ನು ಬೆನ್ನಿಗೇರಿಸಿ ಹೊಸಿಲ ಮೇಲೆ ಕೂತು ಶೂ ಲೇಸ್ ಕಟ್ಟಿದ. ಕಟ್ಟಿದ್ದನ್ನು ನೋಡಿದ. ಬಿಚ್ಚಿ, ಇನ್ನೂ ನಿಧಾನವಾಗಿ, ಮತ್ತೆ ಕಟ್ಟತೊಡಗಿದ.