ಪರದೆಯ ಮೇಲೆ ಇಳಿದ ನೀರು

“ಇಲ್ಲಿಗ್ಯಾಕ ಬಂದ್ರಿ? ಇಂಡ್ಯಾಗೂ ನೀರ ಕಳವ ಆಗೇತೇನು?”

ಇಂಡಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಪ್ರೇಮಕುಮಾರ ಹಾಗೆ ಕೇಳಿದಾಗ ಪ್ರಜ್ಞಾ ಹೆಗಲ ಚೀಲವನ್ನು ಬೆಂಚಿನ ಮೇಲಿಟ್ಟಳು.

ಮುಳವಾಡದ ಹತ್ತಿರದ ಪಂಪ್‌ಹೌಸಿನಲ್ಲಿ ಅವಳ ಜೊತೆಗೇ ಕೆಲಸ ಮಾಡಿದವನು. ದೊಡ್ಡ ಮೋಟಾರು ಚಾಲೂ ಆಗುವ ಸದ್ದನ್ನೂ ಸಾಹೇಬರ ಕೆಮ್ಮನ್ನೂ ಒಂದೇ ಉಸಿರಿನಲ್ಲಿ ಅಣಕಿಸಿ ಅವಳನ್ನು ಹೊಟ್ಟೆ ಹಿಡಿದು ನಗಿಸುತ್ತಿದ್ದವನು. ಈಗ ಆ ಮುಖದಲ್ಲಿ ನಗೆಯ ಕರೆಂಟೇ ಹೋಗಿತ್ತು!

“ತಪ್ಪು ನಂದರಿ...” ಎಂದಳು.

ಚಹಾದ ಯಾಕೂಬಸಾಬ ಕಪ್ಪು ತೊಳೆಯುವುದನ್ನು ಬಿಟ್ಟು ಕಿವಿ ನಿಮಿರಿಸಿದ. “ಬೈಯೂದಿದ್ರ ಬೈರಿ, ಮೊದ್ಲ ಒಂದ ಚಾ ಕುಡೀರಿ. ಬರೇ ಹೊಟ್ಟಿಲೆ ಸಿಟ್ಟ ಮಾಡಬಾರ್ದು.”

ಆದದ್ದಿಷ್ಟು. ಪಂಪ್‌ಹೌಸಿನ ಬಾವಿಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸಾರಿದೆ. ಅದರ ಸಿಗ್ನಲ್ಲು ಉದ್ದನೆಯ ತಂತಿಯಲ್ಲಿ ಬರುತ್ತದೆ. ಪ್ಯಾನೆಲ್ಲು ಅದನ್ನು ಅಂಕಿ ಮಾಡಿ ಪರದೆಗೆ ಕೊಡುತ್ತದೆ. ಪರದೆ ನೋಡಿಕೊಳ್ಳುವುದು ಪ್ರಜ್ಞಾಳ ಕೆಲಸ. ಪ್ರೇಮಕುಮಾರನ ಬೆಳಗಿನ ಪಾಳಿಯಲ್ಲಿ ಮಾತ್ರ ಮಟ್ಟ ಮೆಲ್ಲಗೆ ಇಳಿಯುತ್ತಿತ್ತು.

ಕಾಲುವೆಯ ಗೇಟು ಎತ್ತಿ ಯಾರ ಹೊಲಕ್ಕೋ ನೀರು ಬಿಡುತ್ತಿದ್ದಾನೆಯೇ?

‘ಕೇಳಲೇ? ಕೇಳಿದರೆ ನಕ್ಕು ನನ್ನನ್ನು ಕರಗಿಸಿಬಿಡುತ್ತಾನೆ...’

ಕೇಳದೆ ನೇರ ಸಾಹೇಬರ ಬಳಿ ಹೋದಳು. ಅವನನ್ನು ಇಂಡಿಗೆ ಎತ್ತಂಗಡಿ ಮಾಡಿದರು.

ಆಮೇಲೆ ಬೆಳಗಿನ ಪಾಳಿ ಅವಳಿಗೇ ಬಂತು. ಪರದೆಯಲ್ಲಿ ಮತ್ತೆ ನೀರು ಇಳಿಯಿತು! ಓಡಿಹೋಗಿ ಬಾವಿಗೆ ಇಣುಕಿದಳು. ನೀರು ಇದ್ದಲ್ಲೇ ಇತ್ತು.

ಸಿಗ್ನಲ್ಲಿನ ಗೆರೆ ತೋರಿಸುವ ಸ್ಕೋಪನ್ನು ತಂತಿಗೆ ಹಚ್ಚಿದರೆ ಜಾಲಿಮುಳ್ಳಿನಂಥ ಮೊನೆಗಳು! ಬೆಳಗ್ಗೆ ಮಾತ್ರ ಓಡುವ ಹೊಸ ಮೋಟಾರಿನ ವೇಗ ಹಿಡಿಯುವ ಡ್ರೈವಿನಿಂದ ತಂತಿಗೆ ಹಾರಿ ಬಂದಿದ್ದವು. ಪ್ಯಾನೆಲ್ಲು ನಡುನಡುವೆ ಕಣ್ಣು ಬಿಟ್ಟು ನೋಡಿ, ಆ ಮುಳ್ಳನ್ನೇ ನೀರಿನ ಇಳಿತವೆಂದು ಅಂಕಿ ಹಾಕುತ್ತಿತ್ತು. ಸುಳ್ಳು ಒಮ್ಮೆ ಅಂಕಿಯಾಯಿತೋ, ನಿಜದ ಹಾಗೇ ಕಾಣುತ್ತದೆ. ಆ ಅಂಕಿಗಳಿಗೆ ಅವಳು ತೆಗೆಯುತ್ತಿದ್ದ ಸರಾಸರಿ ಆ ಸುಳ್ಳಿಗೆ ಇಸ್ತ್ರಿ ಹಾಕಿತ್ತು, ಅಷ್ಟೇ.

ಸೋಸುವುದಿದ್ದರೆ ಅಂಕಿಯಾಗುವ ಮುಂಚೆಯೇ ಸೋಸಬೇಕಿತ್ತು. ತಂತಿ ಪ್ಯಾನೆಲ್ಲು ಸೇರುವಲ್ಲಿ ಒಂದು ರೆಸಿಸ್ಟರು, ಒಂದು ಕೆಪ್ಯಾಸಿಟರು ಕೂಡಿಸಿದಳು. ಪರದೆ ತಣ್ಣಗಾಯಿತು. ಅವಳು ಇಂಡಿಯ ಬಸ್ಸು ಹತ್ತಿದಳು.

“ಸಾಹೇಬ್ರ ಮುಂದ ಎಲ್ಲಾ ಹೇಳೇನಿ. ನಿಮ್ಮನ್ನ ವಾಪಸ್ ಕರಸ್ತಾರ.”

“ಸಾಹೇಬ್ರದು ಬಿಡ್ರಿ. ನನ್ನ ಒಂದ ಮಾತ ಕೇಳಾಕ ಏನಾಗಿತ್ತು ನಿಮಗ? ಬೈದು ಕೇಳಿದ್ರೂ ನಡೀತಿತ್ತು!”

“ಅಂಜಿದ್ನಿ...” ಅವಳ ಕಣ್ಣು ತುಂಬಿತು. “ನೀವು ಕದ್ದೇನಿ ಅಂದ್ರೂ ನಾ ನಿಮ್ಮನ್ನ ಬಿಡಾಂಗಿಲ್ಲಲ್ಲ ಅಂತ... ನನಗ ನಾನೇ ಅಂಜಿದ್ನಿ!”

ಅವನು ಕಪ್ಪನ್ನು ತುಟಿಯವರೆಗೆ ಒಯ್ದು ಹಾಗೇ ನಿಂತ.

“ಸಕ್ರಿ ಕಡಿಮಿ ಆತೇನ್ರಿ?” ಎಂದ ಯಾಕೂಬಸಾಬ.

“ಸುಮ್ನಿರೋ ಮಾರಾಯಾ!” ಎಂದವನು ಅವಳತ್ತ ತಿರುಗಿದ. “ನಮ್ಮೂರ ಲಚ್ಯಾಣದಾಗ ಮಂದಿ ನಮ್ಮವ್ವಗ ‘ನೀರಗಳ್ಳನ ಅವ್ವ’ ಅಂತಾರ. ಓಣ್ಯಾಗ ಯಾರ ಜೋಡಿನೂ ಮಾತಾಡೂದ ಬಿಟ್ಟಾಳ. ಅದನ್ನ ಯಾವ ಕೆಪ್ಯಾಸಿಟರ್ ಸೋಸತೈತಿ?”

ಯಾವುದೂ ಇಲ್ಲ. ಅವಳಿಗೆ ಗೊತ್ತಿತ್ತು.

“ನಾನೇ ಹೇಳ್ತೇನಿ. ನಿಮ್ಮವ್ವನ ಮುಂದ, ಓಣಿ ಮಂದಿ ಮುಂದ... ಇವತ್ತ.”

“ಅವ್ವ ಬೈತಾಳ.”

“ಬೈಲಿ.”

“ಹುಲಿಗೆವ್ವ ಅಂತ ಸುಮ್ಮ ಹೆಸರಿಟ್ಟಿಲ್ಲರಿ ಅಕಿಗೆ!”

ಲಚ್ಯಾಣದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅವನು ಕೆಳಗೇ ನಿಂತಿದ್ದ. ‘ಬರುವುದಿಲ್ಲವೇ?...’ ಕಂಡಕ್ಟರು ಸೀಟಿ ಊದಿದ ಮೇಲೆ ಹತ್ತಿದ. ಅವಳ ಹಿಂದಿನ ಸೀಟಿನಲ್ಲಿ ಕುಳಿತ.

“ಇಲ್ಲಿ ಜಾಗ ಐತ್ರಿ...”

“ಗೊತ್ತೈತಿ. ಹೋಗೂಮುಂದ ಇಲ್ಲೇ ಕುಂದ್ರತೇನಿ.”

“ಬರೂಮುಂದ?” ಅವಳು ಹಿಂದಕ್ಕೆ ತಿರುಗಿದಳು.

ಅವನು ಟಿಕೆಟ್ಟಿಗೆ ಚಿಲ್ಲರೆ ತೆಗೆದ.

“ಅವ್ವ ಏನಂತಾಳ ನೋಡೂಣು... ಬರೂಮುಂದ ಬಾಜೂಕ ಒಂದ ಸೀಟ ಹಿಡೀರಿ.”