ಹಿಂದಿನ ಎರಡು ಗಾಲಿ

ತೆರಕಣಾಂಬಿ ದಾಟಿದ ಮೇಲೆ ಸಿಗುವ ಅರಿಸಿನದ ಹೊಲದಲ್ಲಿ ಕಾರು ಮಗುಚಿ ಬಿದ್ದಿತ್ತು. ತೊಂಬತ್ತು ವರ್ಷ ಹಳೆಯ ವಿಲಾಯಿತಿ ಕಾರು. ಬೆಳಿಗ್ಗೆ ಎಂಟು ಗಂಟೆ. ರಸ್ತೆ ನೆಟ್ಟಗಿದೆ, ಖಾಲಿ ಇದೆ. ಬ್ರೇಕ್ ಸರಿ, ಟೈರ್ ಸರಿ, ಸ್ಟೇರಿಂಗ್ ಸರಿ. ಮತ್ತೆ ಬಿದ್ದದ್ದು ಹೇಗೆ? ಎಎಸ್‌ಐ ಮರಿಮಲ್ಲಪ್ಪ, ಅಂದರೆ ನಾನು, ತಲೆ ಕೆರೆದುಕೊಂಡು ನಿಂತೆ.

ಓಡಿಸುತ್ತಿದ್ದವನು ಮಾಲೀಕ ರಾಜಶೇಖರ್, ಹರದನಹಳ್ಳಿಯವನು. ಕಾಲು ಮುರಿದಿತ್ತು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲೇ ದೂರು ಬರೆಸಿದ. ಎಂಬತ್ತರ ವೇಗದಲ್ಲಿ ಕಾರು ದೋಣಿಯ ಹಾಗೆ ತೂಗಾಡಿತಂತೆ. ಚಾಮರಾಜನಗರದ ಮೆಕ್ಯಾನಿಕ್ ಅಬ್ದುಲ್ ಜಬ್ಬಾರ್ ಬೇಕಂತಲೇ ಏನೋ ಮಾಡಿದ್ದಾನಂತೆ. ಹಿಂದಿನ ವಾರ ಇಬ್ಬರಿಗೂ ಜಗಳವಾಗಿತ್ತು. "ಸಾಯ್ತೀರ" ಎಂದು ಜಬ್ಬಾರ್ ಕೂಗಿದ್ದನ್ನು ಇಡೀ ಬೀದಿ ಕೇಳಿತ್ತು.

ಸದ್ಯ, ಕೇಸು ಮುಗಿಯಿತು ಅಂದುಕೊಂಡೆ. ಜಬ್ಬಾರನನ್ನು ಠಾಣೆಯಲ್ಲಿ ಕೂರಿಸಿದೆವು. ಕೊಲೆ ಯತ್ನ. ಸಂಜೆಯೊಳಗೆ ಕೋರ್ಟು, ಆಮೇಲೆ ಜೈಲು.

*

ಜಬ್ಬಾರನ ಮಾತು ಕೇಳಿ ಇನ್ನಷ್ಟು ಗೊಂದಲವಾಯಿತು. ಅವ್ವನಿಗೆ ಬೆನ್ನುನೋವು, ಕಾರು ಎತ್ತೆತ್ತಿ ಹಾಕುತ್ತೆ, ಮೆತ್ತಗೆ ಮಾಡಿಕೊಡು ಎಂದು ರಾಜಶೇಖರ್ ಕೇಳಿದ್ದನಂತೆ.

"ಮೆತ್ತಗಾದ್ರೆ ನಲವತ್ತು ದಾಟಂಗಿಲ್ಲ ಸಾರ್. ಸ್ಪೀಡ್ ಬೇಕಂದ್ರೆ ಬಿಗಿ ಇರ್ಬೇಕು. ಎರಡೂ ಬೇಕು ಅಂದ್ರು. ಸಾಯ್ತೀರ ಅಂದೆ. ಬಿಗಿಯಾಗೇ ಬಿಟ್ಟು ಕಳಿಸ್ದೆ."

ಅವನನ್ನೇ ಹೊಲಕ್ಕೆ ಕರೆದೊಯ್ದೆ. ಪ್ರತಿ ಗಾಲಿಯ ಹತ್ತಿರ ಕಬ್ಬಿಣದ ಎರಡು ತಟ್ಟೆ, ಮಧ್ಯೆ ಮರದ ಬಿಲ್ಲೆ. ಆ ಕಾಲದ ಷಾಕ್ ಅಬ್ಸಾರ್ಬರ್ ಅದೇ ಎಂದು ತೋರಿಸಿದ. ಒಣಗಿದ ಬಿಲ್ಲೆ ಉಜ್ಜಿಕೊಂಡರೆ ಕಾರಿನ ಕುಣಿತ ನಿಲ್ಲುತ್ತದೆ, ಎಣ್ಣೆ ತಾಗಿದರೆ ಜಾರಿ ಕಾರು ತೂಗುತ್ತದೆ. ಮುಂದಿನ ಎರಡು ಒಣಗಿದ್ದವು. ಹಿಂದಿನ ಎರಡರಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡು ಬೆರಳು ಅದ್ದಿ ಮೂಸಿದೆ. ಹರಳೆಣ್ಣೆ! ಗ್ಯಾರೇಜಿನಲ್ಲಿ ಹರಳೆಣ್ಣೆಗೇನು ಕೆಲಸ? ಕೊಲ್ಲಲು ಹೊರಟವನು ನಾಲ್ಕಕ್ಕೂ ಹಾಕದೆ ಹಿಂದಿನ ಎರಡನ್ನೇ ಯಾಕೆ ಹುಡುಕಿದ? ಹಿಂದಿನ ಸೀಟಿನಲ್ಲಿ ಕೂರುವವರ ಸುಖ ಬಯಸಿದವರ ಕೆಲಸ ಇದು.

*

ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು ರಾಜಶೇಖರನ ತಾಯಿ ಚಾಮುಂಡಮ್ಮ. ಹರದನಹಳ್ಳಿಗೆ ಹೋಗಿ ಎಣ್ಣೆಯ ಮಾತು ತೆಗೆದೆ. ಆಕೆ ಮುಚ್ಚಿಡಲಿಲ್ಲ.

"ನಾನೇ ಕಣಪ್ಪ ಬುಟ್ಟಿದ್ದು. ನಾ ಕೂರೋ ತಾವ್ಲೇ ಕಿರ್‌ಗುಟ್ತಿತ್ತು. ನಮ್ಮೂರು ಉಡಿಗಾಲದಲ್ಲಿ ನಮ್ಮಪ್ಪ ಗಾಡಿ ಅಚ್ಚಿಗೆ ಅರಳೆಣ್ಣೆ ಬುಡ್ದೆ ಎತ್ತು ಕಟ್ತಿರ್ಲಿಲ್ಲ. ನಿನ್ನೆ ಅತ್ತಿ ಆಸ್ಗೆ ಮ್ಯಾಲೆ ಕೂತಂಗಿತ್ತು. ಮಗಂಗೂ ಏಳ್ದೆ, ನಗಾಡ್ದ."

ಅಂದರೆ ದೂರು ಬರೆಸುವಾಗಲೇ ರಾಜಶೇಖರನಿಗೆ ಎಣ್ಣೆಯ ವಿಷಯ ಗೊತ್ತಿತ್ತು. ಜಬ್ಬಾರ್ ಹೇಳಿದ್ದ ಎಚ್ಚರಿಕೆಯೂ ಗೊತ್ತಿತ್ತು. ಆ ಎಣ್ಣೆ ಏನು ಮಾಡಿತು, ಠಾಣೆಯಲ್ಲಿ ಯಾರು ಕೂತಿದ್ದಾರೆ ಎಂದು ಚಾಮುಂಡಮ್ಮನಿಗೆ ವಿವರಿಸಿದೆ. ಆಕೆ ಎದ್ದು ಜೀಪು ಹತ್ತಿದರು.

*

ಆಸ್ಪತ್ರೆಯಲ್ಲಿ ಚಾಮುಂಡಮ್ಮ ಪರದೆಯಾಚೆ ನಿಂತರು. ನಾನು ಹರಳೆಣ್ಣೆ ಎಂದ ಕೂಡಲೇ ರಾಜಶೇಖರ್ ನನ್ನ ಕೈ ಹಿಡಿದುಕೊಂಡ.

"ಅವ್ವಂಗೆ ಏಳ್ಬೇಡಿ ಸಾರ್. ತನ್ನಿಂದ್ಲೇ ಆಯ್ತು ಅಂತ ಕೊರಗಿ ಸತ್ತೋಯ್ತಳೆ. ಅದ್ಕೇ ಸಾಬರ ಎಸ್ರು ಬರಿಸ್ದೆ."

ಪರದೆ ಸರಿಸಿ ಚಾಮುಂಡಮ್ಮ ಒಳಗೆ ಬಂದರು. ಬ್ಯಾಂಡೇಜಿನ ಮೇಲೆ ಕೈಯಾಡಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಿನ್ನ ಕಾಲು ಮುರಿದೋಳು ನಾನು ಕಣ್ಲಾ. ಅದುನ್ನ ತಡ್ಕತೀನಿ. ನನ್ನ ಎಸ್ರಲ್ಲಿ ಇನ್ನೊಬ್ಬ ತಾಯಿ ಮಗನ್ನ ಜೈಲಿಗೆ ಆಕುಸ್ತಿದ್ಯಲ್ಲ, ಅದುನ್ನ ಎಂಗ್ಲಾ ತಡ್ಕಳ್ಳಿ?"

ಅವನು ಮುಖವನ್ನು ಗೋಡೆಗೆ ತಿರುಗಿಸಿದ. ಚಾಮುಂಡಮ್ಮ ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು.

"ಬರ್ಕೊಳಪ್ಪ."