ಹೊರಮುಖವಾಗಿ ಬಿಟ್ಟ ಚಪ್ಪಲಿ

೧೯೯೬ನೆಯ ಇಸವಿ ಜೂನ್ ೧೧, ಮಂಗಳವಾರ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕೃಷ್ಣರಾಜಪೇಟೆಯ ಠಾಣೆಗೆ ಬಂದ ನಿಂಗರಾಜು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಪೇಟೆ ಬೀದಿಯಲ್ಲಿ ಅವನದೊಂದು ಗಣಕ ಜಾತಕ ಕೇಂದ್ರವಿತ್ತು. ಹುಟ್ಟಿದ ದಿನ, ಹೊತ್ತು ಹೇಳಿದರೆ ಅಲ್ಲಿಯ ಕಂಪ್ಯೂಟರು ನಕ್ಷತ್ರ ಹೇಳುತ್ತಿತ್ತು. ಗಂಡಿನ ಜಾತಕಕ್ಕೂ ಹೆಣ್ಣಿನ ಜಾತಕಕ್ಕೂ ಕೂಡಿಬರುವುದೋ ಇಲ್ಲವೋ ಎಂಬುದನ್ನು ಅಚ್ಚು ಹಾಕಿ ಕೊಡುತ್ತಿತ್ತು.

"ಸಾ, ಕಂಪ್ಯೂಟರ್ ಕದ್ದವ್ರೆ."

ಸಬ್ ಇನ್‌ಸ್ಪೆಕ್ಟರ್ ಚೌಡಯ್ಯ ಪೆನ್ನಿನ ಮುಚ್ಚಳ ತೆಗೆದರು. "ಪೂರ್ತಿನಾ?"

"ಇಲ್ಲ ಸಾ. ಪೆಟ್ಗೆ ಅಂಗೇ ಅದೆ. ಒಳಗಿನ ಗುಂಡ್ಗೆ ಮಾತ್ರ ಕಿತ್ಕಂಡೋಗವ್ರೆ."

"ಗುಂಡ್ಗೆ ಅಂದ್ರೆ?"

"ಹಾರ್ಡ್ ಡಿಸ್ಕು ಸಾ. ಎಲ್ಲಾರ ಜಾತ್ಕಾನೂ ಅದ್ರೊಳ್ಗೇ ಇರದು. ಫ್ಲಾಪಿಗಳೂ ಇಲ್ಲ."

ಬಾಗಿಲ ಬಳಿ ನಿಂತಿದ್ದ ದಫೇದಾರ್ ಜವರಯ್ಯ ನಕ್ಕ. "ಅಂಗಾದ್ರೆ ಊರೋರ ಹಣೆಬರಾನೇ ಕದ್ಬುಟ್ಟ ಅನ್ನು."

ಭಾರತ ದಂಡ ಸಂಹಿತೆಯ ೪೫೭ ಮತ್ತು ೩೮೦ನೆಯ ಕಲಮುಗಳ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ಆರಂಭವಾಯಿತು.

ಹಿಂದಿನ ಸಂಜೆ ಮಳೆ ಬಿದ್ದಿತ್ತು. ಹಿತ್ತಿಲ ಬಾಗಿಲಿನ ಬೀಗ ಒಡೆದಿರಲಿಲ್ಲ. ನೀರಿನ ತೊಟ್ಟಿಯ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದ ಬೀಗದ ಕೈಯಿಂದಲೇ ತೆಗೆದು, ಕೈಯನ್ನು ಮರಳಿ ಮೊಳೆಗೇ ಹಾಕಲಾಗಿತ್ತು. ಕೆಸರಿನ ಹೆಜ್ಜೆಗಳು ಕಂಪ್ಯೂಟರ್ ಕೋಣೆಯ ಹೊಸ್ತಿಲವರೆಗೆ ಬಂದು ನಿಂತಿದ್ದವು. ಒಳಗಿನ ಕೆಂಪು ಗಾರೆಯ ನೆಲದ ಮೇಲೆ ಕೆಸರಿನ ಒಂದು ಚುಕ್ಕೆಯೂ ಇರಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಎರಡು ಚಪ್ಪಲಿಗಳ ಗುರುತು ಅಚ್ಚೊತ್ತಿತ್ತು: ಜೊತೆಜೊತೆಯಾಗಿ, ಹಿಮ್ಮಡಿ ಗೋಡೆಯ ಕಡೆಗೆ, ತುದಿ ಹೊರಗಡೆಗೆ. ಪೆಟ್ಟಿಗೆಯ ತಿರುಪುಗಳನ್ನು ಮತ್ತೆ ಬಿಗಿದು, ಕಂಪ್ಯೂಟರಿನ ಮೇಲೆ ಎಂದಿನಂತೆ ಬಟ್ಟೆ ಮುಚ್ಚಲಾಗಿತ್ತು. ಪ್ರಿಂಟರನ್ನು, ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

"ದೇವಸ್ಥಾನಕ್ ಬಂದಂಗ್ ಬಂದವ್ನಲ್ಲ ಸಾ ಈ ಕಳ್ಳ!" ಎಂದ ಜವರಯ್ಯ. "ಕೆರ ಬುಟ್ಟು, ಒಳಿಕ್ಕೋಗಿ, ಬಟ್ಟೆ ಒದ್ಸಿ ಬಂದವ್ನೆ."

ಚೌಡಯ್ಯ ಆ ಗುರುತುಗಳನ್ನು ಬಹಳ ಹೊತ್ತು ನೋಡಿದರು. ಕದ್ದವನಿಗೆ ಓಡುವ ಆತುರ ಇದ್ದಿರಲೇಬೇಕು. ಅವನ ಚಪ್ಪಲಿಗಳು ಅವನಿಗಿಂತ ಮೊದಲೇ ಹೊರಗೆ ಮುಖಮಾಡಿ ಕಾದಿದ್ದವು.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವೆದ್ದಿತು. ನಿಂಗರಾಜು ಕಸ ಗುಡಿಸುವ ಮರಿಯಯ್ಯನ ರಟ್ಟೆ ಹಿಡಿದು ನಿಂತಿದ್ದ.

"ಬೀಗದ ಕೈ ಎಲ್ಲದೆ ಅಂತ ನಿನ್ ಬುಟ್ರೆ ಇನ್ಯಾರ್ಗ್ಲಾ ಗೊತ್ತು? ಕಳ್ ಮುದ್ಕ!"

"ಗೊತ್ತು ಕಣಪ್ಪ. ಗೊತ್ತಿದ್ ಮಾತ್ರಕ್ಕೆ ಕದ್ದಂಗಾ?"

ಅಂಗಡಿಗಳವರೆಲ್ಲ ಹೊರಬಂದು ನೋಡುತ್ತಿದ್ದರು. ಅದೇ ಹೊತ್ತಿಗೆ ಪಾಂಡವಪುರದಿಂದ ಚೆಲುವರಾಜು ಬಂದು ಇಳಿದ. ನಿಂಗರಾಜು ಬೆಳಿಗ್ಗೆಯೇ ಫೋನು ಮಾಡಿದ್ದ. ಜಾತಕ ಹೇಳುವ ಪ್ರೋಗ್ರಾಮನ್ನು ಬರೆದವನು ಅವನೇ; ಅದನ್ನು ಕೂಡಿಸುವಾಗ ಅಂಗಡಿ ಮುಚ್ಚಿದ ಮೇಲೂ ತಾನೇ ಬೀಗ ತೆಗೆದು ಕೆಲಸ ಮಾಡಿದ್ದ. ಮೂವತ್ತರ ಪ್ರಾಯ, ಮೈಸೂರಿನ ಕಂಪನಿಯೊಂದರ ಕೆಲಸ ಬಿಟ್ಟು, ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದು, 'ಸಾಫ್ಟ್‌ವೇರ್ ಕನ್ಸಲ್ಟೆಂಟ್' ಎಂದು ಬೋರ್ಡು ಹಾಕಿಕೊಂಡಿದ್ದ. ಅಕ್ಕಿ ಗಿರಣಿಗೆ, ಔಷಧದಂಗಡಿಗೆ ಪ್ರೋಗ್ರಾಮು ಬರೆದುಕೊಟ್ಟು, ಫ್ಲಾಪಿಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದ. ಶ್ರೀರಂಗಪಟ್ಟಣದಲ್ಲೂ ನಾಗಮಂಗಲದಲ್ಲೂ ಇನ್ನೆರಡು ಜಾತಕ ಕೇಂದ್ರಗಳು ಅವನ ಪ್ರೋಗ್ರಾಮಿನಿಂದಲೇ ನಡೆಯುತ್ತಿದ್ದವು.

ಮರಿಯಯ್ಯನನ್ನು ಬೈಯುತ್ತಿದ್ದುದನ್ನು ಅವನು ಕೇಳಿಸಿಕೊಂಡ. ಏನೂ ಅನ್ನದೆ ಒಳಗೆ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕಾಲ್ಬೆರಳಿನಿಂದ ಅವನ್ನು ತಿರುಗಿಸಿ ಹೊರಮುಖ ಮಾಡಿದ. ಚೌಡಯ್ಯ ಅದನ್ನು ಕಂಡರು. ಪಂಚನಾಮೆಯಲ್ಲಿ ಬರೆಯಲಿಲ್ಲ.

ಹೊರಬಂದು ಮುದುಕನನ್ನು ಕೇಳಿದರು. "ನಿನ್ ಕೆರ ಎಲ್ಲಯ್ಯಾ?"

"ಈ ಕಾಲ್ಗೆ ಕೆರ ಯಾವತ್ ಮೆಟ್ಟೀನಿ ಸಾಮಿ?"

ಬೇಸಿಗೆಯ ಕೆರೆಯಂಗಳದಂತೆ ಒಡೆದ ಅಂಗಾಲು. "ಕೈ ಬುಡ್ರಿ ಅವನ್ನ," ಎಂದರು ಚೌಡಯ್ಯ. ನಿಂಗರಾಜು ಕೈ ಬಿಟ್ಟ. ಬೀದಿ ಮಾತ್ರ ಆ ಮಾತನ್ನು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅದು ಮುದುಕನ ಬೆನ್ನ ಹಿಂದೆ ಅವನ ಕೇರಿಯವರೆಗೂ ಹೋಗಿತ್ತು.

ತಾನು ಕಟ್ಟಿದ್ದನ್ನು ತಾನೇ ಕದಿಯುವವನು ಯಾವ ಕಾರಣಕ್ಕೆ ಕದ್ದಾನು? ಚೌಡಯ್ಯ ನಿಂಗರಾಜುವನ್ನು ಮತ್ತೆ ಕರೆಸಿದರು.

"ಈಚ್ಗೆ ಯಾರಾನ ಜಗಳಕ್ಕೆ ಬಂದಿದ್ರಾ?"

"ಬಿಂಡಿಗನವಿಲೆ ಎಂಗ್ಸು ಒಬ್ಳು ಬಂದಿದ್ಲು ಸಾ, ಪುಟ್ಟಗೌರಮ್ಮ ಅಂತ. ಜಾತ್ಕ ತಪ್ಪು ಅಂದ್ಲು. ಮನುಸ್ರು ಸುಳ್ಳೇಳ್ತಾರೆ, ಕಂಪ್ಯೂಟರ್ ಏಳಾಕಿಲ್ಲ ಕಣಮ್ಮ ಅಂತ ಕಳಿಸ್ದೆ."

ಮರುದಿನ ಚೌಡಯ್ಯ ಮತ್ತು ಜವರಯ್ಯ ಬಿಂಡಿಗನವಿಲೆಗೆ ಹೋದರು. ಪುಟ್ಟಗೌರಮ್ಮ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ಕೈಯೊರೆಸಿಕೊಂಡು ಬಂದಳು. ಮಗಳು ಮಂಗಳ ಒಳಗಿದ್ದಳು. ಪೊಲೀಸರಿಗೆ ನೀರು ಕೊಡುವುದಕ್ಕೂ ಹೊರಗೆ ಬರಲಿಲ್ಲ.

"ವೀಳ್ಯ ಬದ್ಲಾಯ್ಸಿದ್ವು ಸಾಮಿ. ಗಂಡಿನ್ ಕಡೆಯೋರು ಆ ಮಿಷಿನ್ ಕಾಗ್ದ ತಂದು ನಮ್ ಜಗ್ಲಿ ಮೇಲೆ ಬಿಸಾಕುದ್ರು. ನಾಡಿ ದೋಸ, ಎಣ್ಣು ತಂದ್ರೆ ಗಂಡು ಉಳಿಯಾಕಿಲ್ಲ ಅಂದ್ರು. ಈಗ ಯಾರ್ ಬಂದ್ರೂ ಮೊದ್ಲು ಆ ಕಾಗ್ದದ್ ಮಾತೇ. ನನ್ ಮಗ್ಳು ಮದ್ವೇಗೋದ್ರೆ ಎಂಗುಸ್ರು ಅತ್ಲಾಗ್ ಜರುಗ್ತಾರೆ."

"ತಪ್ಪು ಅಂತ ಹೆಂಗೆ ಗೊತ್ತಾಯ್ತು?"

"ಎತ್ತೋಳ್ಗೆ ಗೊತ್ತಿರಾಕಿಲ್ವಾ? ಸೋಮಾರ ರಾತ್ರಿ ನೋವು ಬಂತು, ಕೋಳಿ ಕೂಗಾ ಮುಂಚೆ ಉಟ್ಟುದ್ಲು. ಐನೋರು ಪಂಚಾಂಗ ನೋಡಿ ಬರ್ದಿದ್ ನಕ್ಷತ್ರವೇ ಬೇರೆ. ಅದ್ಕೇ ಆ ಪ್ರೋಗ್ರಾಂ ಮಾಡ್ದೋನ್ ತಾವ್ಕೇ ಪಾಂಡವಪುರಕ್ಕೋದೆ."

"ಏನಂದ?"

"ಕುಡಿಯಾಕೆ ಕಾಪಿ ತರ್ಸ್ಕೊಟ್ಟ. ಒತ್ತು ಕೇಳ್ದ. ಏಳ್ತಿದ್ದಂಗೇ ಅವ್ನ ಮುಖ ಬೂದಿ ಆಗೋಯ್ತು. ನೋಡ್ತೀನಿ ಕಣಮ್ಮ ಅಂದ. ಬರೋ ವಾರ ಊರ್ ಯಜಮಾನ್ರನ್ನ ಕರ್ಕಂಡು ಕೇಂದ್ರುಕ್ಕೋಯ್ತೀನಿ, ಎಲ್ಲಾರ್ ಮುಂದೆ ಇನ್ನೊಂದ್ಸಾರಿ ತೆಗ್ಸ್ತೀನಿ ಅಂತ ಅಂದು ಬಂದೆ."

ಆ ವಾರವೇ ಕಳವಾಗಿತ್ತು.

ಬಸ್ ನಿಲ್ದಾಣದ ಹೋಟೆಲಿನವನು ಚೆಲುವರಾಜುವನ್ನು ಬಲ್ಲವನು. ಸೋಮವಾರ ಸಂಜೆ ಮಳೆಯಲ್ಲಿ ಇಳಿದವನು ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿದನೆಂದು ಹೇಳಿಕೆ ಕೊಟ್ಟ. "ಫೋನ್ ಬಂದ್ಮೇಲೆ ಬಂದೆ ಅಂತಾನಲ್ಲ ಸಾ! ಒಂದ್ ದಿವ್ಸದೊಳ್ಗೆ ಎರಡ್ ದಪ ಬಂದವ್ನೆ," ಎಂದ ಜವರಯ್ಯ.

ಜೂನ್ ೧೩, ಗುರುವಾರ ಮಧ್ಯಾಹ್ನ ಪಾಂಡವಪುರದ ಆ ಮಹಡಿ ಕೋಣೆಯ ಶೋಧನೆ ನಡೆಯಿತು. ಹುಡುಕುವ ಶ್ರಮವೇ ಬೀಳಲಿಲ್ಲ. ಚೆಲುವರಾಜು ತಾನೇ ಮೇಜಿನ ಡ್ರಾಯರು ಎಳೆದ. ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಡಿಸ್ಕು, ಅದರ ಕೆಳಗೆ ಫ್ಲಾಪಿಗಳು.

"ಎಸೀಲಿಲ್ವಲ್ಲ?" ಎಂದರು ಚೌಡಯ್ಯ.

"ಕೈ ಬರ್ಲಿಲ್ಲ ಸಾ. ಜನರ ಜಾತ್ಕ."

"ತಪ್ಪೇನಾಗಿತ್ತು?"

ಚೆಲುವರಾಜು ಕಿಟಕಿಯ ಕಡೆ ತಿರುಗಿ ಹೇಳಿದ. "ಕಂಪ್ಯೂಟರಿಗೆ ರಾತ್ರಿ ಹನ್ನೆರಡಕ್ಕೆ ದಿನ ಬದ್ಲಾಗುತ್ತೆ. ಪಂಚಾಂಗದಲ್ಲಿ ಸೂರ್ಯ ಹುಟ್ಟೋವರ್ಗೂ ಹಿಂದಿನ ದಿನವೇ. ನಾನದನ್ನ ಸೇರಿಸ್ಲಿಲ್ಲ. ನಡುರಾತ್ರಿ ಕಳೆದು ಬೆಳಗಾಗೋದ್ರೊಳಗೆ ಹುಟ್ಟಿದೋರಿಗೆಲ್ಲ ಮರುದಿನದ ನಕ್ಷತ್ರ ಬಂತು. ಮೂರೂರಲ್ಲೂ." ಕಿಟಕಿಯ ಸರಳು ಹಿಡಿದ. "ಗೊತ್ತಿಲ್ಲದ್ದೇನಲ್ಲ ಸಾ. ಕೋಳಿ ಕೂಗೋಗಂಟ ನಿನ್ನೆ ಇನ್ನೂ ಮುಗ್ದಿಲ್ಲ ಕಣ್ಲಾ ಅಂತಿದ್ಲು ನಮ್ಮಜ್ಜಿ. ಅದನ್ನ ಕೇಳ್ಕಂಡೇ ಬೆಳೆದೋನು ನಾನು."

"ಹಗಲೊತ್ತೇ ಬಂದು ತಿದ್ಬೌದಿತ್ತಲ್ಲ?"

"ತಿದ್ದಿದ್ರೆ ಯಜಮಾನ್ರ ಮುಂದೆ ಹಳೇ ಕಾಗದ ಹೊಸ ಕಾಗದ ಎರಡೂ ಪಕ್ಕಪಕ್ಕ ಬರ್ತಿತ್ತು. ಡಿಸ್ಕೇ ಕಳುವಾದ್ರೆ ಯಾರೂ ನನ್ನ ಕೇಳಲ್ಲ ಅಂದ್ಕೊಂಡೆ. ಕೆಲಸ ಬಿಟ್ಟು ಬಂದಾಗ ಊರೆಲ್ಲ ನಕ್ಕಿತ್ತು ಸಾ. ಆಮೇಲೆ ಅದೇ ಊರು ಕೂರ್ಸಿ ಶಾಲು ಹೊದಿಸ್ತು. ತಪ್ಪಾಯ್ತು ಅನ್ನೋ ಒಂದು ಮಾತು ಬಾಯಿಗೆ ಬರ್ಲಿಲ್ಲ."

ದಸ್ತಗಿರಿಯ ವಿಷಯ ತಿಳಿಸಲಾಯಿತು. ಡಿಸ್ಕನ್ನು ಬಿಳಿಯ ಬಟ್ಟೆಯಲ್ಲಿ ಹೊಲಿದು ಠಾಣೆಗೆ ತಂದು ಅರಗಿನ ಮೊಹರು ಒತ್ತಿದರು. ಕೇಸ್ ಡೈರಿಯಲ್ಲಿ ಉದ್ದೇಶವನ್ನು ಬರೆಯಬೇಕಾದಲ್ಲಿ ಚೌಡಯ್ಯ, ಇಷ್ಟು ವರ್ಷ ಬರೆದ 'ಲಾಭದ ಆಸೆಯಿಂದ' ಎಂಬ ಮಾತನ್ನು ಬರೆಯಹೊರಟು ನಿಲ್ಲಿಸಿ, 'ಅವಮಾನಕ್ಕೆ ಅಂಜಿ' ಎಂದು ಬರೆದರು.

ಹೇಳಿಕೆಗೆಂದು ಬಂದಿದ್ದ ಮರಿಯಯ್ಯನೂ ಪುಟ್ಟಗೌರಮ್ಮನೂ ಠಾಣೆಯ ಬೆಂಚಿನ ಮೇಲಿದ್ದರು. ಹೊಸ್ತಿಲಲ್ಲಿ ಚೆಲುವರಾಜು ಚಪ್ಪಲಿ ಬಿಟ್ಟು, ತಿರುಗಿಸಲು ಕಾಲು ಚಾಚಿದವನು, ಹಾಗೆಯೇ ಬಿಟ್ಟು ಒಳಗೆ ಬಂದ.

"ನನ್ ಬಯ್ವಾಗ ನೀನೂ ಅಲ್ಲೇ ಇದ್ದಲ್ಲಪ್ಪಾ?" ಎಂದ ಮರಿಯಯ್ಯ.

"ಇದ್ದೆ."

"ಊಂ," ಎಂದು ಮುದುಕ ತನ್ನ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ.

ಚೆಲುವರಾಜು ಪುಟ್ಟಗೌರಮ್ಮನ ಎದುರು ನಿಂತ. "ಅಮ್ಮಾ, ನಿಮ್ ಮಗಳ ಜಾತ್ಕದಲ್ಲಿ ದೋಷ ಇಲ್ಲ. ತಪ್ಪು ನಂದು. ನೀವು ಹೇಳಿದ್ ಕಡೆ ಬಂದು, ಎಲ್ಲರ ಮುಂದೆ ಹೇಳ್ತೀನಿ."

ಅವಳು ಅವನ ಮುಖವನ್ನು ದಿಟ್ಟಿಸಿದಳು. ಸಿಟ್ಟು ಮಾಡುವ ಹೊತ್ತು ಅವಳಿಗೆ ಎಂದೋ ಕಳೆದಿತ್ತು.

"ಬಾಯ್ ಮಾತ ಯಾರ್ ನಂಬ್ತಾರಪ್ಪಾ? ಈ ಮಾತ್ನೇ ಆ ಮಿಷಿನ್ನಾಗೆ ಒಡ್ದು, ಒಂದ್ ಕಾಗ್ದ ಕೊಟ್ಬುಡು."

ನ್ಯಾಯಾಲಯದ ಅಪ್ಪಣೆಯಿಲ್ಲದೆ ಬಿಚ್ಚಲಾಗದ, ಡಿಸ್ಕಿನ ಆ ಬಿಳಿಯ ಗಂಟು ಮೇಜಿನ ಮೇಲಿತ್ತು. ಅದರ ಅರಗಿನ ಮೊಹರು ಇನ್ನೂ ಆರಿರಲಿಲ್ಲ.